ಆಫ್ ಮಾಡಿಟ್ಟ ಟಾರ್ಚಿನ ಸೆಲ್ ಖಾಲಿಯಾಗುತ್ತಿದ್ದದ್ದು ಎಲ್ಲಿ?

ಕಳೆದ ಆಷಾಢದಲ್ಲಿ ನಮ್ಮ ಹಸು ಕರು ಹಾಕುವ ದಿನ ಹತ್ತಿರ ಬಂದಿತ್ತು. ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ರಾತ್ರಿ ಎರಡು ಗಂಟೆಗೆ ಹಸು ಕೂಗಿತು. ಬಾಗಿಲ ಹಿಂದಿನ ಮೊಳೆಯಿಂದ ಟಾರ್ಚ್ ತೆಗೆದು ಗುಂಡಿ ಒತ್ತಿದರೆ ಹತ್ತಲೇ ಇಲ್ಲ. ಫುಲ್ ಚಾರ್ಜ್ ಮಾಡಿ 12 ದಿನ ಆಗಿತ್ತು ಅಷ್ಟೆ. ಅಷ್ಟರಲ್ಲಿ ಹಚ್ಚಿದ್ದು ಹೆಚ್ಚೆಂದರೆ ಐದು ನಿಮಿಷ. ಮೊಬೈಲ್ ಬೆಳಕಲ್ಲೇ ಕೊಟ್ಟಿಗೆಗೆ ಓಡಿದೆ. ಕರು ಸುಸೂತ್ರವಾಗಿ ಬಂತು. ಆದರೆ ಕತ್ತಲಲ್ಲಿ ಆ ಗುಂಡಿ ಒತ್ತುತ್ತಾ ನಿಂತ ಗಳಿಗೆ ಮನಸ್ಸಿನಿಂದ ಹೋಗಲಿಲ್ಲ.

ಪೇಟೆಯಲ್ಲಿ ಅಂಗಡಿಯವರು ನೋಡಿದ ತಕ್ಷಣ "ಸೆಲ್ ಹೋಗಿದೆ, ಹೊಸದು ಹಾಕಿ" ಅಂದರು. ಅದು 18650 ಅನ್ನುವ ಅಳತೆಯ ಲಿಥಿಯಂ ಸೆಲ್, 2600 ಎಂಎಎಚ್. ಎಂಎಎಚ್ ಅಂದರೆ ಮಿಲಿಆಂಪ್-ಅವರ್, ಸೆಲ್ಲಿನಲ್ಲಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕ. ಹೊಸದು ಕೊಳ್ಳುವ ಮೊದಲು ಪರೀಕ್ಷೆ ಮಾಡೋಣ ಅನ್ನಿಸಿತು. ಸೆಲ್ ಚಾರ್ಜ್ ಮಾಡಿ ಹೊರಗೆ ತೆಗೆದು ಒಂದು ವಾರ ಕಪಾಟಿನಲ್ಲಿಟ್ಟೆ. ಇಡುವಾಗ 4.18 ವೋಲ್ಟ್, ವಾರದ ಮೇಲೆ 4.17. ಅದೇ ಸೆಲ್ ಟಾರ್ಚಿಗೆ ಹಾಕಿ, ಆಫ್ ಮಾಡಿ, ಇನ್ನೊಂದು ವಾರ ಬಿಟ್ಟೆ. 3.65ಕ್ಕೆ ಇಳಿದಿತ್ತು. ಸೆಲ್ಲಿನದು ತಪ್ಪಿಲ್ಲ, ಟಾರ್ಚೇ ಕುಡಿಯುತ್ತಿದೆ ಅಂತ ಖಾತ್ರಿಯಾಯಿತು.

ಅಪ್ಪಯ್ಯ ಜಗಲಿಯಲ್ಲಿ ಕೂತು ನೋಡುತ್ತಿದ್ದರು. "ನಮ್ಮ ಮೂರು ಸೆಲ್ಲಿನ ಬ್ಯಾಟರಿಗೆ ಈ ರಗಳೆ ಇರ್ಲಿಲ್ಲ ಮಾರಾಯ" ಅಂದರು. ನಮ್ಮ ಕಡೆ ಹಿರಿಯರು ಟಾರ್ಚಿಗೇ ಬ್ಯಾಟರಿ ಅನ್ನುತ್ತಾರೆ. ಅವರ ಮಾತು ಸರಿ. ಆ ಹಳೇ ಟಾರ್ಚಿನ ಸ್ವಿಚ್ ಜಾರಿಸಿದರೆ ಒಳಗಿನ ತಗಡು ತಗಡಿನಿಂದ ಬಿಟ್ಟುಕೊಳ್ಳುತ್ತಿತ್ತು, ಕರೆಂಟಿಗೆ ದಾರಿಯೇ ಇರುತ್ತಿರಲಿಲ್ಲ. ಈಗಿನ ಮೆತ್ತನೆ ಗುಂಡಿ ಹಾಗಲ್ಲ. ಗುಂಡಿ ಒತ್ತಿದ್ದು ತಿಳಿಯಲು ಒಳಗೊಂದು ಚಿಪ್ ಸದಾ ಎಚ್ಚರವಿರಬೇಕು. ಅದಕ್ಕೆ ಸ್ವಲ್ಪ ಕರೆಂಟ್ ಬೇಕೇ ಬೇಕು. ಆ ಸ್ವಲ್ಪ ಎಷ್ಟು ಅನ್ನುವುದೇ ಪ್ರಶ್ನೆ.

ಅಳೆಯಲು ನನ್ನ ಹಳದಿ ಮಲ್ಟಿಮೀಟರ್ ಸಾಕಾಯಿತು. ಹಿಂದಿನ ಮುಚ್ಚಳ ಬಿಚ್ಚಿ, ಒಂದು ಕಡ್ಡಿ ಸೆಲ್ಲಿನ ಮೈನಸ್ ತುದಿಗೆ, ಇನ್ನೊಂದು ಕೊಳವೆಯ ಅಂಚಿಗೆ. ಬಣ್ಣದ ಮೇಲೆ ಇಟ್ಟರೆ ಕರೆಂಟ್ ಹರಿಯುವುದಿಲ್ಲ, ಬೆಳ್ಳಗೆ ಹೊಳೆಯುವ ಲೋಹಕ್ಕೇ ತಾಗಿಸಬೇಕು. ಮೊದಲು ಕೆಂಪು ವೈರ್ 10 ಆಂಪ್ ತೂತಿನಲ್ಲಿರಲಿ. ಅಪ್ಪಿತಪ್ಪಿ ಟಾರ್ಚ್ ಹತ್ತಿಕೊಂಡರೆ ಸಣ್ಣ ರೇಂಜಿನ ಫ್ಯೂಸ್ ಸುಟ್ಟುಹೋಗುತ್ತದೆ. ಆಫ್ ಆಗಿಯೇ ಇದೆ ಅಂತ ನೋಡಿಕೊಂಡು ಆಮೇಲೆ ಸಣ್ಣ ರೇಂಜಿಗೆ ಬಂದೆ. ಒಂದು ಮಾತು: ಹಿಂಬದಿ ಮುಚ್ಚಳದಲ್ಲೇ ಟಕ್ ಅನ್ನುವ ಸ್ವಿಚ್ ಇರುವ ಟಾರ್ಚಿಗೆ ಈ ಅಳತೆ ನಡೆಯದು. ಅಲ್ಲಿ ಮುಚ್ಚಳ ತೆಗೆದರೆ ಸ್ವಿಚ್ಚೇ ಹೋಯಿತಲ್ವಾ? ಮೀಟರ್ ಇಟ್ಟ ಕೂಡಲೇ ಟಾರ್ಚ್ ಹತ್ತುತ್ತದೆ.

ಮೀಟರ್ 9.2 ಮಿಲಿಆಂಪ್ ತೋರಿಸಿತು. 24 ಗಂಟೆಗೆ ಗುಣಿಸಿದರೆ ದಿನಕ್ಕೆ 221 ಎಂಎಎಚ್. 2600ನ್ನು ಅದರಿಂದ ಭಾಗಿಸಿದರೆ ಸುಮಾರು 12 ದಿನ. ಲೆಕ್ಕ ತಾಳೆಯಾಯಿತು.

ಆದರೆ ನನ್ನ ಗಮನ ಸೆಳೆದದ್ದು ಬೇರೆ. ಆ ಅಂಕಿ ಒಂದೇ ಕಡೆ ನಿಲ್ಲುತ್ತಿರಲಿಲ್ಲ. 9.2, 8.7, 9.5, ಹೀಗೆ ಓಲಾಡುತ್ತಿತ್ತು. ಬರೀ ಚಿಪ್ ಕುಡಿಯುತ್ತಿದ್ದರೆ ಇಷ್ಟೊಂದು ಓಲಾಡುವುದಿಲ್ಲ. ತೇವದ ಮೇಲೆ ಅನುಮಾನ ಬಂತು. ಸೆಲ್ ತೆಗೆದಿಟ್ಟು, ಬರೀ ಟಾರ್ಚನ್ನು ಬಚ್ಚಲ ಒಲೆಯ ಪಕ್ಕದ ಗೂಡಿನಲ್ಲಿ ಒಂದು ರಾತ್ರಿ ಇಟ್ಟೆ. ಒಲೆಯ ಹತ್ತಿರ ಲಿಥಿಯಂ ಸೆಲ್ ಒಯ್ಯಲೇಬಾರದು. ಬೆಳಿಗ್ಗೆ ಅಳೆದರೆ 3 ಮಿಲಿಆಂಪ್. ಎರಡು ದಿನ ಜಗಲಿಯ ಥಂಡಿಯಲ್ಲಿಟ್ಟೆ, ಮತ್ತೆ 8 ದಾಟಿತು.

ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸಡಿಲವಾಗಿತ್ತು. ನೀರು ಇಳಿದದ್ದು ಅಲ್ಲಿಂದಲೇ. ತಲೆಭಾಗ ಬಿಚ್ಚಿ ಬೋರ್ಡನ್ನು ಭೂತಗನ್ನಡಿಯಲ್ಲಿ ನೋಡಿದೆ. ಎಳ್ಳಿಗಿಂತ ಚಿಕ್ಕ ಒಂದು ಕೆಪಾಸಿಟರ್ (ಸ್ವಲ್ಪ ಚಾರ್ಜ್ ಹಿಡಿದಿಡುವ ಬಿಡಿಭಾಗ), ಅದರ ಎರಡು ಕಾಲುಗಳ ನಡುವೆ ಹಸಿರು ಕಿಲುಬು. ಹಿತ್ತಾಳೆ ಚೊಂಬಿನ ಅಂಚಿಗೆ ಹಿಡಿಯುತ್ತದಲ್ಲ, ಅದೇ ಬಣ್ಣ. ಒಂದು ಕಾಲು ಪ್ಲಸ್, ಇನ್ನೊಂದು ಮೈನಸ್. ತೇವ ತಾಗಿದಾಗ ಆ ಕಿಲುಬೇ ಸಣ್ಣ ವೈರಿನ ಹಾಗೆ ಕೆಲಸ ಮಾಡುತ್ತಿತ್ತು.

ಮೊಬೈಲ್ ರಿಪೇರಿಯವರ ಹತ್ತಿರ ಐಪಿಎ ಸಿಗುತ್ತದೆ, ಐಸೊಪ್ರೊಪೈಲ್ ಆಲ್ಕೊಹಾಲ್. ಅದರಲ್ಲಿ ಹಳೇ ಹಲ್ಲುಜ್ಜುವ ಬ್ರಷ್ ಅದ್ದಿ ಮೆತ್ತಗೆ ತಿಕ್ಕಿದೆ. ಮೂರು ಸಲ ಬೇಕಾಯಿತು. ಪೂರ್ತಿ ಆರಿದ ಮೇಲೆ ಜೋಡಿಸಿ ಅಳೆದೆ. 31 ಮೈಕ್ರೋಆಂಪ್! ಮಿಲಿ ಅಲ್ಲ, ಮೈಕ್ರೋ, ಅಂದರೆ ಮಿಲಿಯ ಸಾವಿರದಲ್ಲೊಂದು ಪಾಲು. ಈ ಲೆಕ್ಕದಲ್ಲಿ ಸೆಲ್ ಖಾಲಿಯಾಗಲು 9 ವರ್ಷಕ್ಕಿಂತ ಜಾಸ್ತಿ ಬೇಕು. ಅಷ್ಟರೊಳಗೆ ಸೆಲ್ಲೇ ಹಳತಾಗಿರುತ್ತದೆ.

ಇದೆಲ್ಲ ಮುಗಿಯುವವರೆಗೆ ನಾನು ಮಾಡುತ್ತಿದ್ದದ್ದು ಇಷ್ಟೇ: ಟಾರ್ಚ್ ಇಡುವಾಗ ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲ ಮಾಡುವುದು. ನನ್ನ ಟಾರ್ಚಿನ ಮರೆಗೆ, ಅಂದರೆ ಮುಚ್ಚಳ ತಿರುಗಿಸಿ ಕೂರಿಸುವ ಸುರುಳಿ ಗೆರೆಗೆ (ಥ್ರೆಡ್), ಕರೆಂಟ್ ಹರಿಯದ ಕಪ್ಪು ಲೇಪ ಇದೆ, ಹಾಗಾಗಿ ಅಷ್ಟಕ್ಕೇ ಸಂಪರ್ಕ ತಪ್ಪುತ್ತಿತ್ತು. ಬೆಳ್ಳಗಿನ ಬರಿ ಮರೆ ಇದ್ದರೆ ಕಾಲು ಸುತ್ತು ಸಾಲದು. ಸೆಲ್ಲನ್ನೇ ತೆಗೆದಿಡುವುದು ಒಳ್ಳೆಯದು.

ಸಡಿಲ ರಬ್ಬರಿನ ಮೇಲೆ ಈಗ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಬಳೆ ಬಿಗಿಯಾಗಿ ಕೂತಿದೆ. ಒಂದು ತಿಂಗಳು ಅದೇ ಮೊಳೆಗೆ ನೇತುಹಾಕಿ ಮೊನ್ನೆ ಅಳೆದೆ: 4.16 ವೋಲ್ಟ್.