ಬಳ್ಳಾರಿ ಬಿಸಿಲಲ್ಲಿ ಲಿಥಿಯಂ ಬ್ಯಾಟರಿ ಸಾಕೋದು: ನನ್ನ ಅನುಭವ

ಬ್ಯಾಟರಿ ಬಗ್ಗೆ ನಮ್ಮ ಕಡೆ ಓಡಾಡೋ ಸಲಹೆಗಳಲ್ಲಿ ಅರ್ಧಕ್ಕರ್ಧ ಬೇರೆ ಯಾವುದೋ ಬ್ಯಾಟರಿಗೆ ಹೇಳಿದ್ದು. "ಪೂರ್ತಿ ಖಾಲಿ ಮಾಡಿ ಆಮೇಲೆ ಚಾರ್ಜಿಗೆ ಹಾಕು" ಅನ್ನೋದು ನಿಕಲ್ ಕ್ಯಾಡ್ಮಿಯಂ ಅನ್ನೋ ಹಳೇ ಬ್ಯಾಟರಿ ಕಾಲದ ಮಾತು. "ಯಾವಾಗ್ಲೂ ಫುಲ್ ಇಟ್ಟಿರು" ಅನ್ನೋದು ಇನ್ವರ್ಟರ್‌ನ ಟ್ಯೂಬ್ಯುಲರ್ ಬ್ಯಾಟರಿಗೆ, ಅದು ಲೆಡ್ ಆಸಿಡ್, ಅರ್ಧ ಚಾರ್ಜಲ್ಲೇ ಬಿದ್ದಿದ್ರೆ ಪ್ಲೇಟಿಗೆ ಸಲ್ಫೇಟ್ ಕಟ್ಕೊಂಡು ಹಾಳಾಗುತ್ತೆ, ಹಾಗಾಗಿ ಅಲ್ಲಿ ಆ ಮಾತು ಸರಿನೇ. ಲಿಥಿಯಂಗೆ ಎರಡೂ ಆಗಿಬರಲ್ಲ. ಇದನ್ನ ತೀರಾ ಉಪವಾಸ ಕೆಡವಲೂಬಾರ್ದು, ಹೊಟ್ಟೆ ಬಿರಿಯೋ ಹಾಗೆ ಉಣ್ಣಿಸಿ ಬಿಸಿಲಲ್ಲಿ ಕೂರಿಸಲೂಬಾರ್ದು.

ಈಗ ನನ್ನ ಎಲೆಕ್ಟ್ರಿಕ್ ಸ್ಕೂಟರ್ ವಿಷಯ. ಸುಮಾರು 3 ಕಿಲೋವ್ಯಾಟ್ ಅವರ್ ಬ್ಯಾಟರಿ, ಎನ್‌ಎಂಸಿ ಸೆಲ್ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರೋ ಲಿಥಿಯಂ ಬಗೆ), ಬಿಚ್ಚಿ ಒಳಗೆ ತಗೊಂಡು ಹೋಗೋ ಥರದ್ದಲ್ಲ, ಮನೆ ಮುಂದೆನೇ ಚಾರ್ಜ್ ಆಗಬೇಕು. ಜೊತೆಗೆ ಬಂದಿರೋ ಚಾರ್ಜರ್ 750 ವ್ಯಾಟಿಂದು. ದಿನಾ ಆಫೀಸು, ಮಗಳ ಟ್ಯೂಷನ್ನು, ಸಂತೆ ಅಂತ ಓಡಾಡಿದ್ರೆ ಸಂಜೆಗೆ 40% ಹತ್ರ ಉಳಿದಿರುತ್ತೆ. ಎಲ್ರೂ ಮಾಡೋದೇನು, ಮನೆಗೆ ಬಂದ ತಕ್ಷಣ ಪ್ಲಗ್ ಚುಚ್ಚಿ ಬೆಳಗ್ಗೆ ತೆಗೆಯೋದು. ಇದರಲ್ಲಿ ಎರಡು ತೊಂದ್ರೆ. ಒಂದು, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ರಸ್ತೇಲಿ ಓಡಿ ಬಂದಿರೋ ಬ್ಯಾಟರಿ ಇನ್ನೂ ಕಾದಿರುತ್ತೆ, ಅದರ ಮೇಲೆ ಚಾರ್ಜಿಂಗ್ ಶಾಖ ಬೇರೆ. ಎರಡು, ರಾತ್ರಿ ಹನ್ನೊಂದಕ್ಕೋ ಹನ್ನೆರಡಕ್ಕೋ ಫುಲ್ ಆಗಿ ಬೆಳಗಿನ ತನಕ ಸುಮ್ನೆ 100% ಅಲ್ಲಿ ನಿಂತಿರುತ್ತೆ. ಚಾರ್ಜರ್ ತಾನೇ ಕಟ್ ಆಗುತ್ತಲ್ಲ ಅಂತ ಕೇಳ್ತಾರೆ, ಹೌದು ಆಗುತ್ತೆ, ಓವರ್‌ಚಾರ್ಜ್ ಏನೂ ಆಗಲ್ಲ, ಆದ್ರೆ ನಾನು ಹೇಳ್ತಿರೋದು ಓವರ್‌ಚಾರ್ಜ್ ಬಗ್ಗೆ ಅಲ್ಲ. ಫುಲ್ ಅಂದ್ರೆ ಒಂದೊಂದು ಸೆಲ್ಲೂ 4.2 ವೋಲ್ಟಲ್ಲಿ ಇರುತ್ತೆ, ಆ ವೋಲ್ಟೇಜಲ್ಲಿ ಒಳಗಿನ ಎಲೆಕ್ಟ್ರೋಲೈಟ್ ಬೇಗ ಕೆಡ್ತಾ ಹೋಗುತ್ತೆ, ಬಳಸೋಕೆ ಸಿಗಬೇಕಾದ ಲಿಥಿಯಂ ಸ್ವಲ್ಪ ಸ್ವಲ್ಪ ಅಲ್ಲೇ ಪದರ ಕಟ್ಕೊಂಡು ಕಳೆದುಹೋಗುತ್ತೆ. ಶಾಖ ಸೇರಿದ್ರೆ ಇದೆಲ್ಲ ಇನ್ನೂ ಜೋರು. ಬೆಳಗ್ಗೆ ನಾವು ನೋಡಿದಾಗ ಏನೂ ಆಗಿರಲ್ಲ, ಎರಡು ಮೂರು ವರ್ಷ ಆದ್ಮೇಲೆ "ಯಾಕೋ ಮೊದಲಿನ ಹಾಗೆ ರೇಂಜ್ ಬರ್ತಿಲ್ಲ" ಅಂತೀವಿ.

ಅದಕ್ಕೇ ದಿನದ ಓಡಾಟಕ್ಕೆ ನಾನು 80%ಗೇ ನಿಲ್ಲಿಸ್ತೀನಿ. ಕೆಲವು ಸ್ಕೂಟರಲ್ಲಿ 80ಕ್ಕೆ ನಿಲ್ಲಿಸೋ ಸೆಟ್ಟಿಂಗ್ ಆಪಲ್ಲೇ ಇರುತ್ತೆ, ನನ್ನದರಲ್ಲಿ ಇಲ್ಲ. ಹಾಗಾಗಿ 16 ಆಂಪಿಯರ್ ಟೈಮರ್ ಪ್ಲಗ್ ಒಂದು ತಂದೆ. ಲೆಕ್ಕ ಸುಲಭ, ಚಾರ್ಜರಲ್ಲಿ ಸ್ವಲ್ಪ ಶಾಖವಾಗಿ ಹೋಗೋದು ಕಳೆದ್ರೆ ಬ್ಯಾಟರಿಗೆ 650 ವ್ಯಾಟ್ ಆಸುಪಾಸು ಸೇರುತ್ತೆ, ಅಂದ್ರೆ ಗಂಟೆಗೆ 20ರಿಂದ 22% ಏರುತ್ತೆ. 40ರಿಂದ 80ಕ್ಕೆ ಎರಡು ಗಂಟೆ ಸಾಕು. ಆ ಎರಡು ಗಂಟೆನ ಬೆಳಗಿನ ಜಾವ ಐದರಿಂದ ಏಳಕ್ಕೆ ಇಟ್ಟಿದೀನಿ. ನಮ್ಮೂರಲ್ಲಿ ಇಡೀ ದಿನದಲ್ಲಿ ಸ್ವಲ್ಪ ತಣ್ಣಗಿರೋ ಹೊತ್ತು ಅಂದ್ರೆ ಅದೊಂದೇ, ಬ್ಯಾಟರಿನೂ ರಾತ್ರಿಯೆಲ್ಲ ಆರಿರುತ್ತೆ, ಚಾರ್ಜ್ ಮುಗಿದ ಸ್ವಲ್ಪ ಹೊತ್ತಿಗೆ ಗಾಡಿ ತಗೊಂಡು ಹೊರಟೇಬಿಡ್ತೀನಿ, ಹಾಗಾಗಿ ತುಂಬಿಕೊಂಡು ನಿಲ್ಲೋ ಪ್ರಶ್ನೆನೇ ಬರಲ್ಲ. 80ರ ತನಕ ಹೀಗೆ ಲೆಕ್ಕ ಹಾಕಿದ ಹಾಗೇ ಏರುತ್ತೆ, ಅಲ್ಲಿಂದ ಮೇಲೆ ನಿಧಾನ, ಯಾಕಂದ್ರೆ ಕೊನೇಲಿ ವೋಲ್ಟೇಜ್ ಹಿಡಿದಿಟ್ಟು ಕರೆಂಟ್ ಇಳಿಸ್ತಾ ಹೋಗುತ್ತೆ ಚಾರ್ಜರ್.

ಪಾರ್ಕಿಂಗ್ ಬಗ್ಗೆ ಒಂದು ಮಾತು. ನಮ್ಮ ಆಫೀಸಲ್ಲಿ ಬೈಕಿಗೆ ಅಂತ ತಗಡಿನ ಶೆಡ್ ಇದೆ, ಅದರ ಕೆಳಗೆ ಮಧ್ಯಾಹ್ನ ನಿಂತ್ರೆ ತಲೆ ಮೇಲೆ ಕಾವಲಿ ಇಟ್ಟ ಹಾಗೆ, ಅದಕ್ಕಿಂತ ಕಾಂಪೌಂಡ್ ಮೂಲೇಲಿರೋ ಬೇವಿನ ಮರ ಎಷ್ಟೋ ವಾಸಿ. ಎಲೆ, ಹಕ್ಕಿ ಹಿಕ್ಕೆ ಸೀಟ್ ಮೇಲೆ ಬೀಳುತ್ತೆ, ಬೀಳಲಿ, ಒರೆಸಿದ್ರಾಯ್ತು.

ಜೊತೇಲಿ ಕೆಲಸ ಮಾಡೋ ಒಬ್ರು ಮೊದಲ ದಿನದಿಂದ ಕಾಲೆಳೀತಾರೆ, "ಸರ, ನೂರಕ್ಕ ರೊಕ್ಕ ಕೊಟ್ಟು ಎಂಬತ್ತಕ್ಕ ಓಡಸ್ತೀರಲ್ರೀ, ಇಪ್ಪತ್ತು ಯಾರಿಗೆ ಬಿಟ್ರಿ?" ಪ್ರಶ್ನೆ ನ್ಯಾಯವಾದದ್ದೇ. ನನ್ನ ಉತ್ತರ ಇಷ್ಟೇ, ಆ ಇಪ್ಪತ್ತು ಎಲ್ಲೂ ಹೋಗಿಲ್ಲ, ಬೇಕಾದಾಗ ತಗೋತೀನಿ. ಹೊಸಪೇಟೆಗೆ ಹೋಗೋದಿದ್ರೆ 60 ಕಿಲೋಮೀಟರ್ ಮೇಲಾಗುತ್ತೆ, ಅವತ್ತು 100 ಮಾಡಿ ತಕ್ಷಣ ಹೊರಡ್ತೀನಿ, ಒಂಚೂರೂ ಬೇಜಾರಿಲ್ಲ. ತಿಂಗಳಿಗೊಮ್ಮೆ ಅಂತೂ ಹೇಗೂ 100ಕ್ಕೆ ಬಿಡ್ತೀನಿ, ಬಿಎಂಎಸ್‌ಗೆ (ಬ್ಯಾಟರಿ ನೋಡ್ಕೊಳ್ಳೋ ಒಳಗಿನ ಸರ್ಕ್ಯೂಟು) ಸೆಲ್‌ಗಳನ್ನ ಸಮ ಮಾಡ್ಕೊಳ್ಳೋಕೆ ಸಾಮಾನ್ಯವಾಗಿ ಆ ಮೇಲಿನ ಹಂತ ಬೇಕು. 80 ಅನ್ನೋದೇನು ದೇವರ ನಂಬರಲ್ಲ, 85 ಆದ್ರೂ ನಡಿಯುತ್ತೆ, ಫುಲ್ ಆಗಿ ಸುಮ್ನೆ ನಿಲ್ಲೋ ಹೊತ್ತು ಕಡಿಮೆ ಇದ್ರೆ ಆಯ್ತು. ಹಾಗೇ ಮಧ್ಯೆ ಮಧ್ಯೆ ಚೂರು ಚೂರು ಹಾಕಿದ್ರೆ ಚಾರ್ಜ್ ಸೈಕಲ್ (ಬ್ಯಾಟರಿ ಆಯಸ್ಸು ಎಣಿಸೋ ಲೆಕ್ಕ) ಜಾಸ್ತಿ ಆಗುತ್ತೆ ಅನ್ನೋ ಭಯನೂ ಬೇಡ, 50% ಎರಡು ಸಲ ಹಾಕಿದ್ರೆ ಒಂದು ಸೈಕಲ್, ಅಷ್ಟೇ ಲೆಕ್ಕ.

ನನಗೆ ಕಣ್ಣಿಗೆ ಕಾಣೋ ಹಾಗೆ ಫಲ ಸಿಕ್ಕಿದ್ದು ಲ್ಯಾಪ್‌ಟಾಪಲ್ಲಿ. ಅದು ದಿನವಿಡೀ ಟೇಬಲ್ ಮೇಲೆ ಚಾರ್ಜರ್ ಜೊತೆನೇ ಇರುತ್ತೆ, ಹಾಗೇ ಬಿಟ್ಟಿದ್ರೆ ವರ್ಷಪೂರ್ತಿ 100%, ಜೊತೆಗೆ ಕೆಳಗಿಂದ ಪ್ರೊಸೆಸರ್ ಶಾಖ. ಈಗಿನ ಎಷ್ಟೋ ಲ್ಯಾಪ್‌ಟಾಪಲ್ಲಿ 60ಕ್ಕೋ 80ಕ್ಕೋ ನಿಲ್ಲಿಸೋ ಆಯ್ಕೆ ಕಂಪನಿ ಆಪಲ್ಲೋ ಬಯಾಸಲ್ಲೋ (ಆನ್ ಮಾಡುವಾಗ ತೆಗೆಯೋ ಒಳಗಿನ ಸೆಟ್ಟಿಂಗ್) ಇರುತ್ತೆ, ನಾನು ತಂದ ವಾರವೇ 60 ಮಾಡಿಟ್ಟೆ. ವಿಂಡೋಸಲ್ಲಿ ಬ್ಯಾಟರಿ ರಿಪೋರ್ಟ್ ತೆಗೆದ್ರೆ ಡಿಸೈನ್ ಕೆಪಾಸಿಟಿ, ಈಗಿನ ಫುಲ್ ಕೆಪಾಸಿಟಿ ಎರಡೂ ತೋರಿಸುತ್ತೆ. ನನ್ನದು 50 ವ್ಯಾಟ್ ಅವರ್ ಇದ್ದದ್ದು ನಾಲ್ಕನೇ ವರ್ಷದಲ್ಲಿ 46 ಚಿಲ್ಲರೆ. ಊರಿಗೆ ಹೋಗೋ ಹಿಂದಿನ ರಾತ್ರಿ ಮಾತ್ರ ಫುಲ್ ಮಾಡ್ತೀನಿ.

ಫೋನಿಗೆ ಇಷ್ಟೆಲ್ಲ ತಲೆ ಕೆಡಿಸ್ಕೊಳ್ಳಲ್ಲ. ಸೆಟ್ಟಿಂಗಲ್ಲಿ 80ಕ್ಕೆ ನಿಲ್ಲಿಸಿದೀನಿ, ರಾತ್ರಿ ಹಳೇ 10 ವ್ಯಾಟ್ ಚಾರ್ಜರು, ಅರ್ಜೆಂಟ್ ಇದ್ರೆ ಫಾಸ್ಟ್ ಚಾರ್ಜರು. ಫಾಸ್ಟ್ ಚಾರ್ಜರಿಗಿಂತ ನನಗೆ ಭಯ ಕಾರಿನ ಡ್ಯಾಶ್‌ಬೋರ್ಡು, ಗಾಜಿನ ಹಿಂದೆ ನೇರ ಬಿಸಿಲು, ಮ್ಯಾಪ್ ಓಡ್ತಿದೆ, ಚಾರ್ಜೂ ಆಗ್ತಿದೆ, ಫೋನ್ ಮುಟ್ಟಕ್ಕಾಗಲ್ಲ. ಅಲ್ಲಿಂದ ಎಸಿ ಗಾಳಿ ಬರೋ ಕಿಂಡಿ ಹತ್ರಕ್ಕೆ ಹೋಲ್ಡರ್ ಬದಲಾಯಿಸಿದೆ. ಬೆನ್ನು ಉಬ್ಬಿರೋ ಫೋನ್ ಯಾರ ಹತ್ರ ಇದ್ರೂ ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ, ಇ-ವೇಸ್ಟ್ ತಗೊಳ್ಳೋ ಕಡೆ ಕೊಡಿ.

ಬೇಸಿಗೆ ರಜೇಲಿ ವಾರಗಟ್ಟಲೆ ಊರಿಗೆ ಹೋಗುವಾಗ ಸ್ಕೂಟರ್ 50-60%ಗೆ ಬಿಟ್ಟು ನೆರಳಲ್ಲಿ ನಿಲ್ಲಿಸ್ತೀನಿ. 5% ಅಲ್ಲಿ ಬಿಟ್ಟು ಹೋಗೋದು ಫುಲ್ ಬಿಟ್ಟು ಹೋಗೋದಕ್ಕಿಂತ ಅಪಾಯ, ಬಿಎಂಎಸ್ ತಾನೇ ಸ್ವಲ್ಪ ಸ್ವಲ್ಪ ಹೀರ್ತಾ ಇರುತ್ತೆ, ಸೆಲ್ ಅತೀ ಕೆಳಗೆ ಇಳಿದ್ರೆ ಮತ್ತೆ ಚಾರ್ಜೇ ತಗೊಳ್ಳದೆ ಇರಬಹುದು.

ಇದನ್ನೆಲ್ಲ ಓದಿ ಮನೆ ಇನ್ವರ್ಟರ್‌ನ ಲಿಥಿಯಂ ಬ್ಯಾಟರಿಗೂ 80 ಲೆಕ್ಕ ಹಾಕೋಕೆ ಹೋಗಬೇಡಿ. ಅದು ಹೆಚ್ಚಿನ ಪಾಲು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್ ಅನ್ನೋ ಬಗೆ), ಫುಲ್ ಆದ್ರೂ ಸೆಲ್ 3.65 ವೋಲ್ಟ್ ಅಷ್ಟೇ, ಇದರ ಸ್ವಭಾವ ಬೇರೆ, ಆಯಸ್ಸೂ ಜಾಸ್ತಿ. ಮಧ್ಯದಲ್ಲೆಲ್ಲ ವೋಲ್ಟೇಜ್ ಸಪಾಟಾಗಿರೋದ್ರಿಂದ ಎಷ್ಟು ಪರ್ಸೆಂಟ್ ಇದೆ ಅನ್ನೋದು ಬಿಎಂಎಸ್‌ಗೇ ಸರಿಯಾಗಿ ಗೊತ್ತಾಗಲ್ಲ, ಆಗಾಗ ಫುಲ್ ಮುಟ್ಟಿಸಿದ್ರೆನೇ ಅದರ ಲೆಕ್ಕ ನೆಟ್ಟಗಾಗೋದು. ಅಲ್ಲಿ ನೋಡಬೇಕಾದ್ದು ಇನ್ವರ್ಟರಲ್ಲಿ ಲಿಥಿಯಂ ಮೋಡ್ ಇದೆಯಾ ಅಂತ. ಹಳೇ ಟ್ಯೂಬ್ಯುಲರ್ ಸೆಟ್ಟಿಂಗಲ್ಲೇ ಹೊಸ ಬ್ಯಾಟರಿ ಜೋಡಿಸಿ ಹೋಗೋ ಎಲೆಕ್ಟ್ರಿಷಿಯನ್‌ಗಳಿದಾರೆ, ಅವ್ರು ಗೇಟ್ ದಾಟೋ ಮೊದಲೇ ಕೇಳಿ.