ಕ್ಯಾರವಾನ್‌ನ ಮಲಗುವ ಕೋಣೆಗೆ ಎರಡನೇ ಎಸಿ: ನಾನು ಆರಿಸಿದ ಬಗೆ

ನಮ್ಮದು ಮಿನಿ ಬಸ್ಸಿನ ಚಾಸಿ ಮೇಲೆ ಕಟ್ಟಿಸಿದ ಕ್ಯಾರವಾನ್. ಮುಂದೆ ಕೂರುವ ಜಾಗ ಮತ್ತು ಅಡುಗೆ ಕಟ್ಟೆ, ನಡುವೆ ಬಚ್ಚಲು, ಹಿಂದೆ ಮಲಗುವ ಕೋಣೆ. ಮುಂಭಾಗದ ಚಾವಣಿಯಲ್ಲಿ 13,500 ಬಿಟಿಯು (ತಂಪು ಮಾಡುವ ಶಕ್ತಿಯ ಅಳತೆ) ರೂಫ್ ಎಸಿ ಮೊದಲಿನಿಂದಲೂ ಇತ್ತು. ಅಂದರೆ ಒಂದು ಟನ್‌ಗಿಂತ ಸ್ವಲ್ಪ ಜಾಸ್ತಿ. ಕೂರುವ ಜಾಗಕ್ಕೆ ಅದು ಸಾಕು. ಆದರೆ ಆ ತಂಪು ಬಚ್ಚಲಿನ ಗೋಡೆ ದಾಟಿ ಹಿಂದಕ್ಕೆ ಹೋಗುತ್ತಿರಲಿಲ್ಲ. ಹಿಂದೆ ಮಲಗುವವರು ಅಪ್ಪ, ಅಮ್ಮ. ಬೇಸಿಗೆಯಲ್ಲಿ ಹೊಸಪೇಟೆ ಕಡೆ ಹೋದಾಗ ಮುಂದೆ ಮಲಗಿದವರು ಹೊದಿಕೆ ಹುಡುಕುತ್ತಿದ್ದರು, ಅವರಿಬ್ಬರು ಬೆವರುತ್ತಾ ಎದ್ದು ಕೂರುತ್ತಿದ್ದರು. ನಡುವೆ ಡಕ್ಟ್ ಎಳೆದು ಸಣ್ಣ ಫ್ಯಾನ್ ಕೂರಿಸಿದೆವು. ಸ್ವಲ್ಪ ಅನುಕೂಲವಾಯಿತು, ಆದರೆ ಸಾಲಲಿಲ್ಲ.

ಮೈಸೂರಲ್ಲೇ ಇದ್ದರೆ ರಾತ್ರಿ ಎಸಿ ಬೇಕಾಗುವ ದಿನಗಳೇ ಕಡಿಮೆ. ಊರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಏಪ್ರಿಲ್‌ನಲ್ಲೂ ಬೆಳಗಿನ ಜಾವದ ಹೊತ್ತಿಗೆ ತಣ್ಣಗಾಗುತ್ತದೆ. ಆದರೆ ಗಾಡಿ ಇರುವುದೇ ಊರು ಬಿಟ್ಟು ಹೋಗಲು ಅಲ್ವಾ? ಬಳ್ಳಾರಿ, ರಾಯಚೂರು ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಉಡುಪಿ, ಕಾರವಾರದಲ್ಲಿ ಬಿಸಿಲಿಗಿಂತ ಸೆಕೆಯೇ ಕಷ್ಟ. ಎರಡು ಕಡೆಗೂ ಹೊಂದುವ ಎಸಿ ಬೇಕಿತ್ತು.

ಅಂಗಡಿಗೆ ಹೋದರೆ ಮೊದಲು ಕೇಳುವುದು "ಎಷ್ಟು ಟನ್ ಬೇಕು?" ಅಂತ. ಮನೆಗೆ ಅದು ಸರಿಯಾದ ಪ್ರಶ್ನೆ. ಗಾಡಿಗೆ ಮಾತ್ರ ಕರೆಂಟ್ ಎಲ್ಲಿಂದ ಬರುತ್ತದೆ ಅನ್ನುವುದೇ ಮೊದಲ ಪ್ರಶ್ನೆ. ಎರಡನೇ ಎಸಿ ಹಾಕಿಸಬೇಕು ಅಂದುಕೊಂಡವರು ಬೇರೇನೂ ನೋಡದಿದ್ದರೂ ಇದೊಂದನ್ನು ಲೆಕ್ಕ ಹಾಕಲೇಬೇಕು.

ನಾವು ತಂಗುವುದು ಹೆಚ್ಚಾಗಿ ನೆಂಟರ ಮನೆ ಅಂಗಳದಲ್ಲಿ, ತೋಟದಲ್ಲಿ, ಇಲ್ಲವೇ ಹೋಂಸ್ಟೇ ಆವರಣದಲ್ಲಿ. ಅಲ್ಲಿ ಸಿಗುವುದು ಒಂದೇ 15 ಆಂಪ್ ಪ್ಲಗ್. 230 ವೋಲ್ಟ್‌ಗೆ ಅದು ಸುಮಾರು 3,450 ವ್ಯಾಟ್ ಆಯಿತು. ನಮ್ಮ ಮುಂದಿನ ರೂಫ್ ಎಸಿ ಓಡುವಾಗ 1,500 ವ್ಯಾಟ್ ಎಳೆಯುತ್ತದೆ, ಅಂದರೆ ಆರೂವರೆ ಆಂಪ್. ಕ್ಲಾಂಪ್ ಮೀಟರ್ ಇಟ್ಟು ನಾನೇ ನೋಡಿದ್ದೇನೆ. ಅದರಂಥದ್ದೇ ಇನ್ನೊಂದು ಹಾಕಿದರೆ 13 ಆಂಪ್ ಎಸಿಗಳಿಗೇ ಹೋಯಿತು. ಫ್ರಿಜ್ ಮತ್ತು ಬ್ಯಾಟರಿ ಚಾರ್ಜರ್‌ಗೆ ಉಳಿಯುವುದು ಅಷ್ಟಕ್ಕಷ್ಟೇ. ಇದು ಓಡುವಾಗಿನ ಲೆಕ್ಕ ಮಾತ್ರ. ಹಳೇ ಬಗೆಯ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಓಡುವ ಕರೆಂಟಿನ ನಾಲ್ಕೈದು ಪಟ್ಟು ಎಳೆಯುತ್ತದೆ. ಎರಡೂ ಒಟ್ಟಿಗೆ ಶುರುವಾದರೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬಿದ್ದೇ ಬೀಳುತ್ತದೆ.

ಮಂಡ್ಯ ಕಡೆ ಕಬ್ಬಿನ ಗದ್ದೆ ಪಕ್ಕದ ಮನೆಗಳಲ್ಲಿ ಇನ್ನೊಂದು ತೊಂದರೆ ಇದೆ. ಪಂಪ್‌ಸೆಟ್‌ಗಳು ಓಡುವ ಹೊತ್ತಲ್ಲಿ ವೋಲ್ಟೇಜ್ ಇಳಿಯುತ್ತದೆ. 180ಕ್ಕೆ ಬಂದರೆ ಹಳೇ ಬಗೆಯ ಕಂಪ್ರೆಸರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಹಾಗೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ. ಅದಕ್ಕೇ ಹಿಂದಿನ ಎಸಿ ಇನ್ವರ್ಟರ್ ಬಗೆಯದ್ದೇ ಆಗಬೇಕು ಅಂತ ತೀರ್ಮಾನ ಮಾಡಿದೆ. ಅದರ ಕಂಪ್ರೆಸರ್ ನಿಧಾನವಾಗಿ ವೇಗ ಹಿಡಿಯುತ್ತದೆ. ಶುರುವಾಗುವಾಗಿನ ಆ ಜಗ್ಗಾಟ ಇರುವುದಿಲ್ಲ. ಕೋಣೆ ತಣ್ಣಗಾದ ಮೇಲೆ ತಾನೇ ವೇಗ ಇಳಿಸಿಕೊಳ್ಳುತ್ತದೆ.

ರಾತ್ರಿ ಕರೆಂಟ್ ಇಲ್ಲದ ಕಡೆ ಏನು ಮಾಡುವುದು? ಜನರೇಟರ್ ಹಚ್ಚಿ ಮಲಗುವುದು ನನ್ನ ಮಟ್ಟಿಗೆ ಆಗದ ಮಾತು. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್‌ನೊಳಗೆ ಇಬ್ಬರು ಸತ್ತರು. ಜನರೇಟರ್‌ನಿಂದ ಬಂದ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿಕೊಂಡಿತ್ತು. ಆ ಅನಿಲಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲಿ ಇರುವವರಿಗೆ ಗೊತ್ತೇ ಆಗುವುದಿಲ್ಲ. ಅಪ್ಪ ಅಮ್ಮ ಮಲಗುವ ಕೋಣೆಗೆ ಆ ಅಪಾಯ ನಾನು ತರಲಾರೆ. ಹಾಗಾಗಿ ರಾತ್ರಿಯ ಎಸಿ ಬ್ಯಾಟರಿಯಲ್ಲೇ ನಡೆಯಬೇಕು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ ದಿಂಬಿನ ಹತ್ತಿರವೇ ಇದೆ.

ನಮ್ಮಲ್ಲಿರುವುದು 48 ವೋಲ್ಟ್, 100 ಆಂಪ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಹತ್ತಿರ ಹತ್ತಿರ 5 ಯೂನಿಟ್. ಪೂರ್ತಿ ಖಾಲಿ ಮಾಡುವಂತಿಲ್ಲ, ಬ್ಯಾಟರಿಯ ಕರೆಂಟನ್ನು 230 ವೋಲ್ಟ್‌ಗೆ ಬದಲಿಸುವ ಇನ್ವರ್ಟರಿನಲ್ಲೂ ಒಂದಿಷ್ಟು ನಷ್ಟವಾಗುತ್ತದೆ. ಕೈಗೆ ಸಿಗುವುದು 4 ಯೂನಿಟ್ ಅಂತ ಇಟ್ಟುಕೊಳ್ಳಿ. 1,500 ವ್ಯಾಟ್‌ನ ಎಸಿಗೆ ಅದು ಮೂರು ಗಂಟೆಯೂ ಬಾಳದು. ಸರಾಸರಿ 400 ವ್ಯಾಟ್ ಎಳೆಯುವ ಎಸಿಗೆ ಹತ್ತು ಗಂಟೆ ಬರುತ್ತದೆ. ಟನ್ ಎಷ್ಟು ಅನ್ನುವ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು. ಮುಕ್ಕಾಲು ಟನ್.

"ಗಾಡಿ ಬಿಸಿಲಲ್ಲಿ ಕಾಯುತ್ತೆ, ಒಂದೂವರೆ ಟನ್ ಹಾಕಿಸಿ" ಅಂದವರು ಇದ್ದರು. ಕಾಯುತ್ತದೆ ಅನ್ನುವುದು ನಿಜ. ಆದರೆ ಆ ಕಾವನ್ನು ಎಸಿಯಿಂದ ಗೆಲ್ಲುವುದಕ್ಕಿಂತ ಒಳಗೆ ಬರದಂತೆ ತಡೆಯುವುದು ಅಗ್ಗ. ಎಸಿ ಕೊಳ್ಳುವ ಮೊದಲೇ ಹಿಂದಿನ ಕೋಣೆಯ ಚಾವಣಿ ಬಿಚ್ಚಿಸಿ, ಕಾವು ತಡೆಯುವ ಎರಡು ಇಂಚಿನ ಎಕ್ಸ್‌ಪಿಎಸ್ ಫೋಮ್ ಹಾಕಿಸಿದೆ. ಪಟ್ಟಿಗಳ ನಡುವಿನ ಸಂದುಗಳಿಗೂ ಫೋಮ್ ತುಂಬಿಸಿದೆ. ಕಬ್ಬಿಣದ ಪಟ್ಟಿಯ ಮೂಲಕವೇ ಕಾವು ಜಾಸ್ತಿ ಇಳಿಯುವುದು, ಅದಕ್ಕೆ ಅದರ ಮೇಲೂ ಒಂದು ತೆಳು ಪದರ ಬಂತು. ಮಧ್ಯಾಹ್ನ ಒಳ ಚಾವಣಿ ಮುಟ್ಟಿದರೆ ಮೊದಲು ಕೈ ಸುಡುತ್ತಿತ್ತು, ಈಗ ಬೆಚ್ಚಗಿದೆ ಅಷ್ಟೇ. ಕಿಟಕಿಗೆ ಹೊರಗಡೆಯಿಂದ ಬೆಳ್ಳಿ ಬಣ್ಣದ ಪರದೆ ಹಾಕುತ್ತೇವೆ. ಒಳಗಿನ ಪರದೆಗಿಂತ ಇದು ವಾಸಿ, ಏಕೆಂದರೆ ಬಿಸಿಲು ಗಾಜು ದಾಟುವುದೇ ಇಲ್ಲ.

ದೊಡ್ಡ ಎಸಿಯಿಂದ ಇನ್ನೂ ಒಂದು ತೊಂದರೆ ಇದೆ. ಸಣ್ಣ ಕೋಣೆಯನ್ನು ಅದು ಬೇಗ ತಣ್ಣಗೆ ಮಾಡಿ ಬೇಗ ನಿಲ್ಲುತ್ತದೆ. ಗಾಳಿಯ ತೇವ ಮಾತ್ರ ಹಾಗೇ ಉಳಿಯುತ್ತದೆ. ಕರಾವಳಿಯಲ್ಲಿ ಹಾಸಿಗೆ ಜಿಗುಟು ಜಿಗುಟು. ಚಿಕ್ಕದು ಬಿಡದೆ ಓಡುತ್ತಾ ನೀರನ್ನು ಹಿಂಡಿ ತೆಗೆಯುತ್ತದೆ.

ಇನ್ನು ಯಾವ ಬಗೆ? ಇನ್ನೊಂದು ರೂಫ್ ಎಸಿ ಹಾಕಿಸಿದ್ದರೆ ಕೆಲಸ ಸುಲಭವಾಗುತ್ತಿತ್ತು. ಕಾರ್ಖಾನೆಯಲ್ಲೇ ಸೀಲ್ ಆಗಿ ಬರುತ್ತದೆ, ಗ್ಯಾಸ್ ಸೋರುವ ಜಾಯಿಂಟ್ ಇರುವುದಿಲ್ಲ. ಆದರೆ ಕಂಪ್ರೆಸರ್ ನೇರ ತಲೆಯ ಮೇಲೆ ಕೂರುತ್ತದೆ. ಆ ಸದ್ದಿನಲ್ಲಿ ಅಮ್ಮನಿಗೆ ನಿದ್ದೆ ಬರುವುದಿಲ್ಲ. ಸೋಲಾರ್ ಪ್ಯಾನೆಲ್‌ಗೆ ಇಟ್ಟಿದ್ದ ಜಾಗವೂ ಹೋಗುತ್ತದೆ. ಅಮೆರಿಕದ್ದು ಕಡಿಮೆ ಬೆಲೆಗೆ ಸಿಗುತ್ತದೆ ಅಂತ ತರಿಸುವವರು ಒಂದು ವಿಷಯ ಗಮನಿಸಬೇಕು: ಅಲ್ಲಿನವು 115 ವೋಲ್ಟ್, 60 ಹರ್ಟ್ಸ್‌ನವು, ನಮ್ಮದು 230 ವೋಲ್ಟ್, 50 ಹರ್ಟ್ಸ್. ಮಂಚದ ಕೆಳಗೆ ಇಡುವ ಬಗೆಯೂ ಇದೆ. ಅದಕ್ಕೆ ಸಾಮಾನಿಡುವ ಜಾಗ ಬಿಟ್ಟುಕೊಡಬೇಕು, ರಿಪೇರಿ ಮಾಡುವವರು ಮೈಸೂರಲ್ಲಿ ನನಗೆ ಸಿಗಲಿಲ್ಲ. ಒಂದೇ ಕೊಳವೆಯ ಪೋರ್ಟಬಲ್ ಎಸಿ ಬೇಡವೇ ಬೇಡ. ಅದು ಒಳಗಿನ ಗಾಳಿಯನ್ನೇ ಹೊರಗೆ ತಳ್ಳುತ್ತದೆ, ಆ ಜಾಗಕ್ಕೆ ಸಂದುಗಳಿಂದ ಹೊರಗಿನ ಬಿಸಿಗಾಳಿ ನುಗ್ಗುತ್ತದೆ.

ಕೊನೆಗೆ ಆರಿಸಿದ್ದು ಮನೆಗೆ ಹಾಕುವ ಮುಕ್ಕಾಲು ಟನ್ ಇನ್ವರ್ಟರ್ ಸ್ಪ್ಲಿಟ್. ಬಿಡಿಭಾಗ ಯಾವ ತಾಲ್ಲೂಕಿನಲ್ಲೂ ಸಿಗುತ್ತದೆ, ಮೆಕ್ಯಾನಿಕ್ ಎಲ್ಲ ಕಡೆ ಇದ್ದಾರೆ. ಇದರ ದೌರ್ಬಲ್ಯ ಒಂದೇ, ಅಲುಗಾಟ. ಮನೆಯ ಗೋಡೆ ಕುಲುಕುವುದಿಲ್ಲ, ಗಾಡಿ ಕುಲುಕುತ್ತದೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಶೆಡ್ ಒಂದರಲ್ಲಿ ಕೆಲಸ ಮಾಡಿಸಿದೆ, ಪಕ್ಕದಲ್ಲೇ ನಿಂತಿದ್ದೆ. ಹೊರಗಿನ ಯೂನಿಟ್ ಹಿಂಭಾಗದಲ್ಲಿ, ಚಾಸಿಗೆ ಬಿಗಿದ ಫ್ರೇಮಿನ ಮೇಲೆ, ದಪ್ಪ ರಬ್ಬರ್ ಮೌಂಟ್‌ಗಳ ಮೇಲೆ ಕೂತಿದೆ. ನಟ್‌ಗಳೆಲ್ಲ ನೈಲಾಕ್, ಅಲುಗಾಟಕ್ಕೆ ಸಡಿಲವಾಗದಂಥವು. ತಾಮ್ರದ ಪೈಪನ್ನು ನೇರ ಎಳೆಯದೆ ಒಂದು ದೊಡ್ಡ ಸುರುಳಿ ಸುತ್ತಿಸಿದೆ, ಅಲುಗಾಟವನ್ನು ಆ ಸುರುಳಿ ನುಂಗಿಕೊಳ್ಳುತ್ತದೆ. ಫ್ಲೇರ್ ಜಾಯಿಂಟ್‌ಗಳು (ಪೈಪಿನ ತುದಿ ಅಗಲಿಸಿ ನಟ್‌ನಿಂದ ಬಿಗಿಯುವ ಜಾಗ) ಕೋಣೆಯ ಒಳಗೆ ಇರಲೇಬಾರದು ಅಂತ ಹಟ ಹಿಡಿದೆ. ಈಗಿನ ಹೆಚ್ಚಿನ ಎಸಿಗಳಲ್ಲಿರುವ ಆರ್-32 ಗ್ಯಾಸ್ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವಂಥದ್ದು, ಗಾಳಿಗಿಂತ ಭಾರ. ಮುಚ್ಚಿದ ಸಣ್ಣ ಕೋಣೆಯಲ್ಲಿ ಸೋರಿದರೆ ಮಂಚದ ಮಟ್ಟದಲ್ಲೇ ನಿಲ್ಲುತ್ತದೆ. ಒಳಗಿನ ಯೂನಿಟ್ಟಿನ ಪೈಪ್ ಬಾಲವನ್ನು ಗೋಡೆಯಾಚೆ ತೆಗೆದು ಅಲ್ಲೇ ಜಾಯಿಂಟ್ ಮಾಡಿಸಿದೆ. ದೂರ ಹೋಗಿ ಬಂದಾಗಲೆಲ್ಲ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತಾ ಅಂತ ನೋಡುತ್ತೇನೆ.

ಹೊರಗಿನ ಯೂನಿಟ್ಟಿಗೆ ಅಂದದ ಪೆಟ್ಟಿಗೆ ಮಾಡಿಕೊಡುತ್ತೇವೆ ಅಂದರು, ಬೇಡ ಅಂದೆ. ಬಿಸಿಗಾಳಿ ಪೆಟ್ಟಿಗೆಯೊಳಗೇ ಸುತ್ತಿದರೆ ಎಸಿ ಸುಮ್ನೆ ಕರೆಂಟ್ ತಿನ್ನುತ್ತದೆ. ಬದಿಯಿಂದ ಗಾಳಿ ಒಳಕ್ಕೆ, ಹಿಂದಿನಿಂದ ಹೊರಕ್ಕೆ, ನಡುವೆ ಏನೂ ಅಡ್ಡ ಇಲ್ಲ. ಗಾಡಿಯ ಮೂಲ ವಿವರಕ್ಕೆ ಮೀರಿದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅನ್ವಯಿಸುತ್ತದೆ. ಫ್ರೇಮ್ ಬೆಸೆಯುವ ಮೊದಲೇ ಆರ್‌ಟಿಒದಲ್ಲಿ ಕೇಳಿಕೊಳ್ಳಿ.

ಸ್ಟಾರ್ ಲೇಬಲ್ ಇರುವ ಎಸಿಗಳು 2020ರಿಂದ ಆನ್ ಮಾಡಿದ ಕೂಡಲೇ 24 ಡಿಗ್ರಿಯಲ್ಲಿ ಶುರುವಾಗುತ್ತವೆ. ನಾವು ಮಲಗುವಾಗ 26ಕ್ಕೆ ಏರಿಸಿ ಸಣ್ಣ ಗೋಡೆ ಫ್ಯಾನ್ ಹಾಕುತ್ತೇವೆ. ಮುಂದಿನ ಎಸಿ ಆಫ್. ಹೊಸಪೇಟೆಯ ಬೇಸಿಗೆಯಲ್ಲೂ ಬ್ಯಾಟರಿ ಬೆಳಗಿನವರೆಗೆ ಬಂತು.

ನೀರು ಹೋಗುವ ಪೈಪಿನ ಬಗ್ಗೆ ಒಂದು ಮಾತು. ಮನೆಯಲ್ಲಿ ಒಂದೇ ಕಡೆ ಇಳಿಜಾರು ಕೊಟ್ಟರೆ ಸಾಕು. ಗಾಡಿ ಮೇಲುಕೋಟೆಯಂಥ ಏರಿನಲ್ಲಿ ವಾಲಿ ನಿಂತರೆ ನೀರು ಹಿಂದಕ್ಕೆ ತಿರುಗಿ ದಿಂಬಿನ ಮೇಲೆ ಬೀಳುತ್ತದೆ. ಒಳಗಿನ ಯೂನಿಟ್ಟಿನಲ್ಲಿ ನೀರು ಹಿಡಿಯುವ ಟ್ರೇಯ ಎರಡೂ ತುದಿಗೆ ಪೈಪ್ ಕೊಡಿಸಿ, ಎರಡನ್ನೂ ಗಾಡಿಯ ಅಡಿಗೆ ಇಳಿಸಿ.