ಟ್ಯಾಕ್ಸಿಯ ಹಿಂದಿನ ಸೀಟಿಗೂ ಬೆಲ್ಟ್, ಮಕ್ಕಳಿಗೆ ಬೂಸ್ಟರ್: ನನ್ನ ಅನುಭವ

"ಹಿಂದೆ ಕೂತವರಿಗೂ ಬೆಲ್ಟ್ ಹಾಕಿಸ್ತೀಯಾ? ಪಾರ್ಟಿ ಇನ್ನೊಂದ್ಸಲ ಫೋನೇ ಮಾಡಲ್ಲ ನೋಡು" ಎಂದು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಎಲ್ಲರೂ ಹೇಳಿದ್ದರು. ಪಾರ್ಟಿ ಅಂದರೆ ನಮ್ಮ ಗಿರಾಕಿ. ಎರಡು ವರ್ಷ ಆಗುತ್ತಾ ಬಂತು. ಮೈಸೂರಿನಿಂದ ದೇವನಹಳ್ಳಿ ಏರ್‌ಪೋರ್ಟಿಗೆ ಹೊರಟರೆ ನನ್ನ ಗಾಡಿಯಲ್ಲಿ ಬೆಲ್ಟ್ ಇಲ್ಲದೆ ಯಾರೂ ಕೂರುವುದಿಲ್ಲ. ಪುಟ್ಟ ಮಕ್ಕಳಿದ್ದರೆ ಬೂಸ್ಟರ್, ಅಂದರೆ ಬೆಲ್ಟ್ ಸರಿಯಾಗಿ ಕೂರುವಂತೆ ಮಗುವನ್ನು ಎತ್ತರಿಸುವ ಸೀಟು, ತಯಾರಿರುತ್ತದೆ. ಪಾರ್ಟಿಗಳು ಕಡಿಮೆ ಆಗಿಲ್ಲ, ಜಾಸ್ತಿಯೇ ಆಗಿದ್ದಾರೆ.

ಕಾನೂನು ನಿಮಗೆ ಗೊತ್ತಿರುವುದೇ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 194ಬಿ. ಬೆಲ್ಟ್ ಹಾಕದವರನ್ನು ಕೂರಿಸಿಕೊಂಡರೆ ದಂಡ ಓಡಿಸುವವನಿಗೆ. 14 ವರ್ಷದೊಳಗಿನ ಮಗು ಬೆಲ್ಟಾಗಲಿ ಮಕ್ಕಳ ಸೀಟಾಗಲಿ ಇಲ್ಲದೆ ಕೂತರೂ ಹಾಗೇ, ಕಾಯ್ದೆಯಲ್ಲಿ 1,000 ರೂಪಾಯಿ. 2022ರಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ, ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ತೀರಿಕೊಂಡಾಗ ಒಂದಷ್ಟು ದಿನ ಜನ ತಾವೇ ಬೆಲ್ಟ್ ಹುಡುಕುತ್ತಿದ್ದರು. ಆಮೇಲೆ ಮರೆತರು.

ಹುಡುಕಿದರೂ ಸಿಗಬೇಕಲ್ಲ? ಮೊದಲ ತೊಂದರೆ ಅಲ್ಲೇ ಇತ್ತು. ಸೀಟ್ ಕವರ್ ಹಾಕಿದವರು ಹಿಂದಿನ ಬಕಲ್‌ಗಳನ್ನು ಒಳಗೆ ತುರುಕಿ ಮುಚ್ಚಿಬಿಟ್ಟಿದ್ದರು. ನಮ್ಮ ಅರ್ಧ ಗಾಡಿಗಳ ಕಥೆ ಇದೇ. ಕವರ್ ಬಿಚ್ಚಿಸಿ, ಬಕಲ್ ಜಾಗದಲ್ಲಿ ಕತ್ತರಿಸಿ, ಅಂಚು ಹೊಲಿಸಿದೆ. ಐನೂರೋ ಆರುನೂರೋ ಆಯಿತು. ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟ ದುಡ್ಡು ಅದೇ. ಬಕಲ್ ಕಣ್ಣಿಗೆ ಬಿದ್ದರೆ ಅರ್ಧ ಜನ ಹೇಳದೆಯೇ ಹಾಕಿಕೊಳ್ಳುತ್ತಾರೆ.

ಮಕ್ಕಳ ವಿಷಯದಲ್ಲಿ ದುಡ್ಡು ಹೋಯಿತು. ಮೊದಲು ಫೋಮ್ ದಿಂಬು ಹಾಕಿ ನೋಡಿದೆ. ಬ್ರೇಕ್ ಒತ್ತಿದರೆ ದಿಂಬು ಮುಂದೆ ಜಾರುತ್ತದೆ, ಮಗು ಬೆಲ್ಟಿನ ಕೆಳಗೆ ಇಳಿಯುತ್ತದೆ. ಆಮೇಲೆ ಬೆಲ್ಟನ್ನು ಕುತ್ತಿಗೆಯಿಂದ ಕೆಳಗೆ ಎಳೆಯುವ ಕ್ಲಿಪ್, ಮುನ್ನೂರು ಚಿಲ್ಲರೆ. ಅದು ಮೇಲಿನ ಬೆಲ್ಟನ್ನು ಇಳಿಸುವುದರ ಜೊತೆಗೆ ಕೆಳಗಿನದನ್ನು ಹೊಟ್ಟೆಯ ಮೇಲಕ್ಕೆ ಏರಿಸುತ್ತದೆ. ಬೆಲ್ಟ್ ಕೂರಬೇಕಾದ್ದು ಸೊಂಟದ ಮೂಳೆಯ ಮೇಲೆ, ಮೆತ್ತನೆ ಹೊಟ್ಟೆಯ ಮೇಲಲ್ಲ. ಎರಡನ್ನೂ ಬಿಸಾಕಿದೆ.

ಮೂರನೆಯದು ಬೆನ್ನಿಲ್ಲದ ಬೂಸ್ಟರ್, ಸುಮಾರು 2,000. ಎಚ್ಚರ ಇರುವ ಮಗುವಿಗೆ ಚೆನ್ನಾಗಿತ್ತು. ಆದರೆ ಏರ್‌ಪೋರ್ಟ್ ಡ್ರಾಪ್ ಅಂದರೆ ಬೆಳಗಿನ ಜಾವ ಮೂರು ಗಂಟೆ. ಚನ್ನಪಟ್ಟಣ ದಾಟುವಷ್ಟರಲ್ಲಿ ಮಗು ನಿದ್ದೆ ಹೋಗಿ ಪಕ್ಕಕ್ಕೆ ವಾಲಿ ಭುಜದ ಬೆಲ್ಟಿನಿಂದ ಆಚೆ ಬಂದಿರುತ್ತದೆ. ಕೊನೆಗೆ ಎತ್ತರದ ಬೆನ್ನಿರುವ, ತಲೆ ಪಕ್ಕ ಆಸರೆ ಇರುವ, 15ರಿಂದ 36 ಕೆಜಿ ತೂಕದ ಮಕ್ಕಳಿಗೆ ಆಗುವಂಥದ್ದು ತಂದೆ. ಆರು ಸಾವಿರದ ಮೇಲೆ ಬಿತ್ತು. ಅಲ್ಲಿಗೆ ಕೆಲಸ ಆಯಿತು. ಬೆಲ್ಟ್ ಹಾಯುವ ಕೊಕ್ಕೆ ಭುಜದ ಹತ್ತಿರವೇ ಇರುವುದರಿಂದ ಮಲಗಿದರೂ ಬೆಲ್ಟ್ ಜಾಗ ಬಿಡುವುದಿಲ್ಲ. ಇದೇ ತರಹದ್ದು ಸೆಕೆಂಡ್ ಹ್ಯಾಂಡ್ 1,500ಕ್ಕೆ ಸಿಗುತ್ತಿತ್ತು. ಬೇಡ ಎಂದೆ. ಯಾವ ಗಾಡಿಯ ಅಪಘಾತ ಕಂಡ ಸೀಟೋ ಏನೋ, ಹೊರಗಿಂದ ಬಿರುಕು ಕಾಣುವುದಿಲ್ಲ.

ಇನ್ನು ಮಡಿಲು. "ಮಗು ನನ್ನ ಮಡಿಲಲ್ಲಿ ಇರುತ್ತಪ್ಪಾ, ನಾನು ಹಿಡ್ಕೋತೀನಿ" ಎಂದು ಅಜ್ಜಿಯರು ಹೇಳುತ್ತಾರೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವ ಗಾಡಿ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, 10 ಕೆಜಿ ಮಗು 100 ಕೆಜಿ ಮೀರಿದ ಭಾರದಂತೆ ಮುಂದಕ್ಕೆ ನುಗ್ಗುತ್ತದೆ. ಯಾವ ಕೈ ಹಿಡಿಯುತ್ತದೆ ಹೇಳಿ? ಆದರೆ ಈ ಲೆಕ್ಕ ಅಜ್ಜಿಯರಿಗೆ ಒಪ್ಪಿಗೆ ಆಗುವುದಿಲ್ಲ. ಅವರಿಗೆ ನಾನು ಹೇಳುವ ಮಾತು ಬೇರೆ ಇದೆ. ಅದು ಇನ್ನೂ ಸೋತಿಲ್ಲ, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಸಮಯ ಯಾವುದು ಅಂತ ಬೇಕಾದರೆ ಹೇಳುತ್ತೇನೆ: ಲಗೇಜ್ ಡಿಕ್ಕಿಗೆ ಹಾಕುವಾಗ, ಎಂಜಿನ್ ಶುರು ಮಾಡುವ ಮೊದಲು. ಗಾಡಿ ಹೊರಟ ಮೇಲೆ ಹೇಳಿದರೆ ಜಗಳವೇ. ಕೈಗೂಸಾದರೆ ಮನೆಯವರದೇ ಸೀಟು ತರಲು ಬುಕಿಂಗ್‌ನಲ್ಲೇ ಹೇಳುತ್ತೇನೆ. ಹಿಂದಕ್ಕೆ ಮುಖ ಮಾಡುವ ಆ ಸೀಟನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಇಡಲು ಯಾರು ಕೇಳಿದರೂ ಬಿಡುವುದಿಲ್ಲ.

ಇದರ ನಡುವೆ ಇನ್ನೊಂದು ಪರೀಕ್ಷೆ ಮಾಡಿದೆ. ಶಾಲೆ ಮುಂದೆ ನಿಧಾನ ಹೋದರೆ ಟ್ರಿಪ್ ತಡ ಆಗುತ್ತದೆ ಎಂದು ಸ್ಟ್ಯಾಂಡಿನ ಹುಡುಗರು ವಾದ ಮಾಡುತ್ತಿದ್ದರು. 300 ಮೀಟರ್ ಶಾಲಾ ವಲಯವನ್ನು 40ರಲ್ಲಿ ದಾಟಲು 27 ಸೆಕೆಂಡ್, 25ರಲ್ಲಿ 43. ಹದಿನಾರು ಸೆಕೆಂಡ್ ಉಳಿಸಿ ಎಲ್ಲಿಗೆ ಹೋಗಬೇಕು? ಹಂಪ್ ಇದ್ದರೆ ಅದೂ ಉಳಿಯುವುದಿಲ್ಲ. ಆದರೆ ಮಗು ಅಡ್ಡ ಬಂದರೆ, ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಗಾಡಿ 40ರಲ್ಲಿ 11 ಮೀಟರ್ ಓಡಿರುತ್ತದೆ, 25ರಲ್ಲಿ 7. ಬೋರ್ಡ್ 30 ಎಂದರೂ ಶಾಲೆ ಬಿಡುವ ಹೊತ್ತಿಗೆ ನಾನು 25 ದಾಟುವುದಿಲ್ಲ. ನಿಂತ ಶಾಲಾ ಬಸ್ಸನ್ನು ಓವರ್‌ಟೇಕ್ ಮಾಡುವುದೂ ಇಲ್ಲ.

ಲೆಕ್ಕ ಹೇಳಿಬಿಡುತ್ತೇನೆ. ಎಲ್ಲ ಸೇರಿ ಒಂಬತ್ತು ಸಾವಿರದ ಆಸುಪಾಸು ಖರ್ಚಾಗಿದೆ. ಬೂಸ್ಟರಿಗೆ ಬೇರೆ ಬಾಡಿಗೆ ತೆಗೆದುಕೊಳ್ಳುವುದಿಲ್ಲ. ಆದರೂ ಎಂಟು ತಿಂಗಳೊಳಗೆ ವಾಪಸ್ ಬಂತು. ಚಿಕ್ಕ ಮಕ್ಕಳಿರುವ ಮನೆಯವರು ಇನ್ನೊಂದು ಮನೆಗೆ ನನ್ನ ನಂಬರ್ ಕೊಡುತ್ತಾರೆ. ಅವತ್ತು ಬೇಡ ಎಂದಿದ್ದವರಲ್ಲಿ ಇಬ್ಬರು ಈಗ ಕವರ್ ಕತ್ತರಿಸಿಕೊಂಡಿದ್ದಾರೆ.

ಬಾಕಿ ಇರುವುದು ಇಬ್ಬರು ಮಕ್ಕಳ ಮನೆ. ನನ್ನ ಗಾಡಿಯ ನಡುವಿನ ಸೀಟಿಗೆ ಸೊಂಟದ ಬೆಲ್ಟ್ ಮಾತ್ರ ಇದೆ, ಅಲ್ಲಿ ಬೂಸ್ಟರ್ ಇಡುವಂತಿಲ್ಲ. ಎರಡು ಬದಿಗೂ ಬೂಸ್ಟರ್ ಇಟ್ಟರೆ ದೊಡ್ಡವರಿಗೆ ನಡುವೆ ಜಾಗ ಇಕ್ಕಟ್ಟು. ಅಗಲ ಕಡಿಮೆ ಇರುವ ಸೀಟು ಹುಡುಕುತ್ತಿದ್ದೇನೆ, ಅಳತೆ ಟೇಪ್ ಡ್ಯಾಶ್‌ಬೋರ್ಡಿನಲ್ಲೇ ಇದೆ.